‘ನಾಳೆಯಿಂದ ಬರಬೇಡ’ ಅಂದರೆ

ತಮ್ಮಾ, ‘ನಾಳೆಯಿಂದ ಕೆಲಸಕ್ಕೆ ಬರಬೇಡ’ ಎಂದು ಸೂಪರ್‌ವೈಸರ್ ಬಾಯಲ್ಲಿ ಹೇಳಿದ ಮಾತ್ರಕ್ಕೆ ನಿನ್ನ ಕೆಲಸ ಹೋಗುವುದಿಲ್ಲ. ಆ ಮಾತು ಕೇಳಿ ತಲೆ ಬಗ್ಗಿಸಿ, ಬುತ್ತಿಯ ಡಬ್ಬಿ ಎತ್ತಿಕೊಂಡು, ಎಸ್‌ಟಿ ಹತ್ತಿ ಮೈಂದರ್ಗಿಗೆ ಬಂದು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕೂತರೆ ಹೋಗುತ್ತದೆ. ಆಗ ಮಾಲಕ ಹೇಳುವುದು ಒಂದೇ ಮಾತು: ‘ನಾವೆಲ್ಲಿ ತೆಗೆದೆವು? ಅವನೇ ಬಿಟ್ಟುಹೋದ.’

ಸೊಲ್ಲಾಪುರದ ಒಂದು ಗಿರಣಿಯಲ್ಲಿ ಹಾಜರಿ ಬರೆಯುತ್ತ ನನ್ನ ಪ್ರಾಯ ಕಳೆಯಿತು. ಈಗ ಊರಲ್ಲಿ ಕೂತಿದ್ದೇನೆ. ಅಕ್ಕಲಕೋಟ ರಸ್ತೆಯ ಎಂಐಡಿಸಿಗೆ, ಟಾವೆಲ್ ಕಾರಖಾನೆಗೆ, ಪಾವರ್‌ಲೂಮಿಗೆ, ದುಧನಿಯ ಅಡತಿ ಅಂಗಡಿಗೆ ದುಡಿಯಲು ಹೋಗುವ ಹುಡುಗರು ಕಾಗದ ಹಿಡಿದುಕೊಂಡು ಬರುತ್ತಾರೆ. ‘ಕಾಕಾ, ಇದರಲ್ಲಿ ಏನು ಬರೆದಾರ ನೋಡ್ರಿ’ ಅನ್ನುತ್ತಾರೆ. ನೋಡುತ್ತ ನೋಡುತ್ತ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕಾಯಿದೆ ದುಡಿಯುವವನ ಕೈ ಬಿಟ್ಟದ್ದು ಕಡಿಮೆ. ಓದದೆ ಸಹಿ ಹಾಕಿ, ದಿನ ಕಳೆದು, ದುಡಿಯುವವನೇ ಕಾಯಿದೆಯ ಕೈ ಬಿಟ್ಟದ್ದು ಹೆಚ್ಚು. ಇವತ್ತು ನಿನ್ನ ಕಿವಿಯಲ್ಲಿ ಹಾಕಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಮೊದಲು ಸಹಿಯ ಮಾತು. ನೀನು ಕಲಿತದ್ದು ಕನ್ನಡ ಶಾಲೆ. ಮರಾಠಿ ಮಾತಾಡುತ್ತೀ, ಅಂಗಡಿ ಬೋರ್ಡು ಓದುತ್ತೀ. ಆದರೆ ಕಚೇರಿ ಮರಾಠಿಯ ಒಂದು ಪುಟ ಕೈಗೆ ಕೊಟ್ಟರೆ ಅರ್ಧಕ್ಕೆ ನಿಲ್ಲುತ್ತೀ. ಅದು ಇಂಗ್ಲಿಷಿನಲ್ಲಿದ್ದರಂತೂ ಶುರುವೇ ಮಾಡುವುದಿಲ್ಲ. ಇದು ಮಾಲಕನ ಗುಮಾಸ್ತನಿಗೆ ನಿನಗಿಂತ ಚೆನ್ನಾಗಿ ಗೊತ್ತು. ‘ಉಳಿದ ಪಗಾರ ಬೇಕಲ್ಲ, ಇಲ್ಲಿ ಒಂದು ಸಹಿ ಹಾಕು’ ಎಂದು ಅವನು ಮುಂದಿಡುವ ಹಾಳೆಯಲ್ಲಿ ‘ಸ್ವಖುಷೀನೆ ರಾಜೀನಾಮಾ’ ಎಂದಿದ್ದರೆ ನಿನ್ನಷ್ಟಕ್ಕೆ ನೀನೇ ಕೆಲಸ ಬಿಟ್ಟ ಹಾಗಾಯಿತು. ‘ಪೂರ್ಣ ವ ಅಂತಿಮ ಹಿಶೋಬ’, ‘ಕಾಹೀ ಬಾಕೀ ನಾಹೀ’, ಅಂದರೆ ಲೆಕ್ಕ ಪೂರ್ತಿ ಮುಗಿಯಿತು, ಏನೂ ಬಾಕಿ ಇಲ್ಲ ಎಂದಿದ್ದರೆ ಮುಂದೆ ಒಂದು ರೂಪಾಯಿ ಕೇಳುವಾಗಲೂ ಈ ಹಾಳೆ ನಿನ್ನ ಎದುರು ಬಂದು ನಿಲ್ಲುತ್ತದೆ. ಈ ಮೂರು ಮಾತನ್ನು ಗುರುತಿಟ್ಟುಕೋ. ಓದಲು ಬಾರದ ಹಾಳೆಗೆ ಸಹಿ ಹಾಕಬೇಡ. ‘ಮನೆಗೆ ಒಯ್ದು ಓದಿಸಿಕೊಂಡು ಬರುತ್ತೇನೆ’ ಎನ್ನು. ಕೊಡುವುದಿಲ್ಲ ಅಂದರೆ ಅದರಲ್ಲಿ ಏನಿದೆ ಎಂಬುದು ಅಲ್ಲಿಗೇ ತಿಳಿಯಿತಲ್ಲ. ಹಣ ಕೈಗೆ ಬರುತ್ತಿದೆ, ಬಿಡಲಾಗದ ಹೊತ್ತು ಎಂದಾದರೆ ಸಹಿಯ ಮೇಲೆ ನಿನ್ನ ಕೈಯಿಂದಲೇ ಕನ್ನಡದಲ್ಲಿ ಬರೆ: ‘ಇಷ್ಟು ರೂಪಾಯಿ ಮಾತ್ರ ಮುಟ್ಟಿದೆ, ಉಳಿದ ಬಾಕಿಯ ಮೇಲಿನ ಹಕ್ಕು ಬಿಟ್ಟಿಲ್ಲ.’ ಕೆಳಗೆ ತಾರೀಖು ಹಾಕು. ಕನ್ನಡದಲ್ಲಿ ಬರೆದರೆ ನಡೆಯುತ್ತದೋ ಎಂದು ಹೆದರಬೇಡ. ಅದು ನಿನ್ನ ಕೈಬರಹ, ನಿನ್ನ ಮಾತು. ಬೇಕಾದವರು ಅನುವಾದ ಮಾಡಿಸಿಕೊಳ್ಳಲಿ.

ಖಾಲಿ ವೋಚರಿಗೆ ಸಹಿ ಹಾಕುವ ಚಾಳಿಯೂ ನಮ್ಮ ಕಡೆ ಇದೆ. ಉಚಲ್, ಅಂದರೆ ಮುಂಗಡ, ತೆಗೆದುಕೊಳ್ಳುವಾಗ ಮುಕಾದಮ ಎರಡು ಖಾಲಿ ಹಾಳೆಗೆ ಅಂಗೂಠಾ ಒತ್ತಿಸಿಕೊಳ್ಳುತ್ತಾನೆ, ಮಗಳ ಮದುವೆಯ ಗಡಿಬಿಡಿಯಲ್ಲಿ ಅಪ್ಪ ಒತ್ತುತ್ತಾನೆ. ಆ ಹಾಳೆ ಮೂರು ವರ್ಷದ ಮೇಲೆ ಎಲ್ಲಿ ಏಳುತ್ತದೋ ಹೇಳಲಾಗದು.

ಈಗ ಮೊದಲನೆಯ ಮಾತಿಗೆ ಬರುತ್ತೇನೆ. ಬರಬೇಡ ಅಂದ ಮರುದಿನ ಬೆಳಿಗ್ಗೆ ಎಂದಿನ ಪಾಳಿಗೆ ಹೋಗು. ಗೇಟಿನಲ್ಲಿ ತಡೆಯುತ್ತಾರೆ, ತಡೆಯಲಿ. ಜಗಳಾಡಬೇಡ, ಕೈಯೆತ್ತಬೇಡ, ಮೊಬೈಲಿನ ಸ್ಟೇಟಸ್ಸಿನಲ್ಲಿ ಮಾಲಕನ ವಂಶ ಜಾಲಾಡಬೇಡ. ನಾಳೆ ಅದೇ ನಿನ್ನ ಮೇಲಿನ ಆರೋಪಪತ್ರವಾಗುತ್ತದೆ. ಸಂಜೆಯೊಳಗೆ ಒಂದು ಪತ್ರ ಬರೆ: ‘ಇಂಥ ತಾರೀಖಿನಿಂದ ನನ್ನನ್ನು ಒಳಗೆ ಬಿಡುತ್ತಿಲ್ಲ. ಕಾರಣ ತಿಳಿಸಿಲ್ಲ. ನಾನು ಕೆಲಸಕ್ಕೆ ಬರಲು ಸಿದ್ಧನಿದ್ದೇನೆ. ಇಷ್ಟು ಪಗಾರ ಬಾಕಿ ಇದೆ.’ ನಾಲ್ಕೇ ಸಾಲು ಸಾಕು. ಅಂಚೆಯಲ್ಲಿ ಕಳಿಸಿ ರಸೀದಿ ಜೋಪಾನ ಮಾಡು. ನಮ್ಮ ಕಾಲದ ರಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು, ಆದ್ದರಿಂದ ಸ್ಪೀಡ್ ಪೋಸ್ಟನ್ನೇ ಕೇಳು. ಕೈಯಲ್ಲಿ ಕೊಟ್ಟರೆ ನಿನ್ನ ಪ್ರತಿಯ ಮೇಲೆ ಪೋಚ್, ಅಂದರೆ ಮುಟ್ಟಿದ ಸಹಿ, ಹಾಕಿಸಿಕೋ.

ಈ ನಾಲ್ಕು ಸಾಲಿನ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಡಿ. ಕೆ. ಯಾದವ್ ಪ್ರಕರಣ ಕೇಳು. ಹರಿಯಾಣದ ಕಾರಖಾನೆಯೊಂದು ಕೆಲಸಗಾರನೊಬ್ಬ ರಜೆ ಇಲ್ಲದೆ ಎಂಟು ದಿನಕ್ಕಿಂತ ಹೆಚ್ಚು ಗೈರುಹಾಜರಾದ, ಸ್ಥಾಯಿ ಆದೇಶದ ಪ್ರಕಾರ ತಾನಾಗಿಯೇ ಕೆಲಸ ಕಳೆದುಕೊಂಡ ಎಂದು ಹೆಸರು ಹೊಡೆದುಹಾಕಿತು. ಅವನು ಹೇಳಿದ್ದು, ನಾನು ದಿನಾ ಬಂದೆ, ಗೇಟಿನಲ್ಲಿ ತಡೆದರು ಎಂದು. ವಿಚಾರಣೆ ಇಲ್ಲದೆ, ಅವನ ಮಾತು ಕೇಳದೆ ಹೀಗೆ ಹೆಸರು ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಹಿಂಬಾಕಿ ಪಗಾರ ಸಿಕ್ಕಿದ್ದು ಮಾತ್ರ ಅರ್ಧ. ಕೋರ್ಟಿಗೆ ಹೋದವರಿಗೆಲ್ಲ ಪೂರ್ತಿ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ, ನೋಡಿಕೋ.

ಇನ್ನು ಗಡುವು. ಇಲ್ಲಿ ನಮ್ಮ ಹುಡುಗರು ಮುಗ್ಗರಿಸುವುದು ಹೆಚ್ಚು, ಏಕೆಂದರೆ ಒಬ್ಬೊಬ್ಬ ವಕೀಲ ಒಂದೊಂದು ಲೆಕ್ಕ ಹೇಳುತ್ತಾನೆ, ಎಲ್ಲವೂ ಒಂದೊಂದು ಕಾಯಿದೆಯ ಮಟ್ಟಿಗೆ ಖರೆಯೇ. ಮಹಾರಾಷ್ಟ್ರದಲ್ಲಿ 1971ರ ಒಂದು ಕಾಯಿದೆ ಇದೆ, ಕಾರ್ಮಿಕ ಸಂಘಗಳ ಮಾನ್ಯತೆಗೂ ಅನುಚಿತ ಕಾರ್ಮಿಕ ಪದ್ಧತಿಗಳ ತಡೆಗೂ ಮಾಡಿದ್ದು. ಸೇಡಿನಿಂದ ತೆಗೆದರು, ಸುಳ್ಳು ಆರೋಪ ಹೊರಿಸಿ ತೆಗೆದರು ಎಂದಾದರೆ ನೀನೇ ನೇರವಾಗಿ ಕಾಮಗಾರ ನ್ಯಾಯಾಲಯಕ್ಕೆ ದೂರು ಕೊಡಬಹುದು, ಸಂಘ ಬೇಕೆಂದಿಲ್ಲ. ಆದರೆ ಅದಕ್ಕೆ 90 ದಿನ. ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಮನ್ನಿಸಲೇಬೇಕೆಂದಿಲ್ಲ. ಗಿರಣಿಗಳಿಗೆ ಅನ್ವಯಿಸುತ್ತಿದ್ದ 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯಲ್ಲಿ ಮಾಲಕನಿಗೆ ಮೊದಲು ಪತ್ರ ಬರೆದು ಕೇಳಬೇಕಿತ್ತು, ಅದಕ್ಕೂ ಮೂರು ತಿಂಗಳು. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ರಾಜಿ ಅಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಾದು ನೇರ ನ್ಯಾಯಾಲಯಕ್ಕೆ ಹೋಗಲು ಮೂರು ವರ್ಷವಿತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮೂರು ವರ್ಷ ಎರಡಕ್ಕೆ ಇಳಿದಿದೆ. ಬಾಕಿ ಪಗಾರದ್ದು ಉಲ್ಟಾ: ಹಳೆಯ ವೇತನ ಪಾವತಿ ಕಾಯಿದೆಯಲ್ಲಿ ಒಂದು ವರ್ಷದೊಳಗೆ ಕೇಳಬೇಕಿತ್ತು, ಹೊಸ ವೇತನ ಸಂಹಿತೆಯಲ್ಲಿ ಮೂರು ವರ್ಷ ಸಿಕ್ಕಿದೆ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ನಿನ್ನ ಕೆಲಸವಲ್ಲ, ವಕೀಲನದು. ನೀನು ಇಟ್ಟುಕೊಳ್ಳಬೇಕಾದದ್ದು 90. ಎಲ್ಲಕ್ಕಿಂತ ಚಿಕ್ಕ ಗಡುವು ಅದು. ಅದರೊಳಗೆ ಹೋದವನಿಗೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಗೇಟಿನಲ್ಲಿ ತಡೆದ ದಿನದಿಂದ ಎಣಿಸು. ‘ದೀಪಾವಳಿ ಆದ ಮೇಲೆ ಶೇಠಜಿ ಕರೀತಾನ’ ಎಂದು ಕಾದ ದಿನಗಳೂ ಆ ಲೆಕ್ಕದಲ್ಲೇ ಬರುತ್ತವೆ.

ಬಾಗಿಲು ಅಂದೆನಲ್ಲ, ಒಂದೇ ದೂರನ್ನು ಎರಡು ಬಾಗಿಲಿಗೆ ಒಯ್ಯುವ ಹಾಗಿಲ್ಲ. 1971ರ ಕಾಯಿದೆಯಡಿ ಒಮ್ಮೆ ಹೋದರೆ ಅದೇ ವಿಷಯಕ್ಕೆ ಬೇರೆ ಕಾಯಿದೆ ಹಿಡಿಯಲು ಬಿಡುವುದಿಲ್ಲ. ಆದ್ದರಿಂದ ಯಾವ ಬಾಗಿಲು ಎಂಬುದನ್ನು ಕೂತು ಯೋಚಿಸು. ಠೇಕೆದಾರನ ಕೈಕೆಳಗೆ ದುಡಿಯುವವನು ನೀನಾಗಿದ್ದರೆ ಇನ್ನೂ ಎಚ್ಚರ ಬೇಕು. ‘ಇವನು ನಮ್ಮವನೇ ಅಲ್ಲ, ಠೇಕೆದಾರನವನು’ ಎಂದು ಕಾರಖಾನೆ ಅಂದರೆ, ಮಾಲಕ ಯಾರು ಎಂಬ ಜಗಳವನ್ನು ಆ 1971ರ ಕಾಯಿದೆಯ ನ್ಯಾಯಾಲಯ ತೀರಿಸಲಾರದು ಎಂದು ಸಿಪ್ಲಾ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿಬಿಟ್ಟಿದೆ. ಅಂಥವನು ರಾಜಿ ಅಧಿಕಾರಿಯ ದಾರಿ ಹಿಡಿಯುವುದು ಮೇಲು. ಪಗಾರದ ಮಟ್ಟಿಗೆ ಮಾತ್ರ ಅವನಿಗೆ ಒಂದು ಆಸರೆ ಇದೆ: ಠೇಕೆದಾರ ಕೊಡದೆ ಓಡಿಹೋದರೆ ಮೂಲ ಮಾಲಕನೇ ಕೊಡಬೇಕು. 1970ರ ಠೇಕಾ ಕಾರ್ಮಿಕರ ಕಾಯಿದೆ ಹಾಕಿದ ಈ ಹೊಣೆಯನ್ನು ಹೊಸ ಸಂಹಿತೆಗಳೂ ಉಳಿಸಿಕೊಂಡಿವೆ.

ಪುರಾವೆಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ, ಬೇಸರ ಮಾಡಬೇಡ. ಹಾಜರಿ ಪುಸ್ತಕದ ಒಳಗುಟ್ಟು ನನಗೆ ಗೊತ್ತು. ಎರಡೆರಡು ಪುಸ್ತಕ ಇಡುವವರಿದ್ದಾರೆ, ಪೆನ್ಸಿಲ್ಲಿನಲ್ಲಿ ಬರೆಸುವವರಿದ್ದಾರೆ, 240 ದಿನ ತುಂಬುವ ಮೊದಲೇ ಹೆಸರು ತೆಗೆದು, ಹತ್ತು ದಿನ ಬಿಟ್ಟು ಹೊಸ ಹೆಸರಿನಂತೆ ಸೇರಿಸಿಕೊಳ್ಳುವವರಿದ್ದಾರೆ. ಈ 240 ಏಕೆ ಅಂದರೆ, ಹನ್ನೆರಡು ತಿಂಗಳಲ್ಲಿ ಅಷ್ಟು ದಿನ ದುಡಿದವನನ್ನು ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಪಗಾರ, ಜತೆಗೆ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಪರಿಹಾರವಾಗಿ ಕೊಡದೆ ಕಡಿತದ ಹೆಸರಿನಲ್ಲಿ ತೆಗೆಯುವ ಹಾಗಿಲ್ಲ. ಅಷ್ಟು ದಿನ ದುಡಿದೆ ಎಂದು ತೋರಿಸುವ ಭಾರ ಮೊದಲು ನಿನ್ನ ಮೇಲೇ.

ನಮ್ಮ ಕನ್ನಡ ನಾಡಿನದೇ ಒಂದು ಪ್ರಕರಣ ಈ ಭಾರವನ್ನು ಹಗುರ ಮಾಡಿದೆ. ಕರ್ನಾಟಕ ಸರಕಾರದ ಒಂದು ಇಲಾಖೆಯಲ್ಲಿ 1988ರಿಂದ 1994ರವರೆಗೆ ದಿನಗೂಲಿ ಮಾಡಿದವನನ್ನು ತೆಗೆದುಹಾಕಿದರು. ಆರ್. ಎಂ. ಯಲ್ಲಟ್ಟಿ ಪ್ರಕರಣ ಎಂದೇ ವಕೀಲರು ಇದನ್ನು ಕರೆಯುತ್ತಾರೆ. ಅವನ ಕೈಯಲ್ಲಿ ನೇಮಕದ ಆದೇಶವಿರಲಿಲ್ಲ. ಇಷ್ಟು ಕಾಲ ನಮ್ಮಲ್ಲಿ ಕೆಲಸ ಮಾಡಿದ್ದಾನೆ ಎಂದು ಅಧಿಕಾರಿ ಕೊಟ್ಟ ಒಂದು ಪ್ರಮಾಣಪತ್ರವಿತ್ತು. ಅವನು ಸಾಕ್ಷಿಕಟ್ಟೆ ಹತ್ತಿ ತಾನೇ ಹೇಳಿದ; ಹಾಜರಿ ಪಟ್ಟಿ ತನ್ನಿ ಅಂದರೆ ಇಲಾಖೆ ಪೂರ್ತಿ ತರಲಿಲ್ಲ. ದಿನಗೂಲಿಗೆ ನೇಮಕಪತ್ರ, ಪಗಾರಚೀಟಿ ಯಾರೂ ಕೊಡುವುದಿಲ್ಲ. ಅವನು ಪ್ರಮಾಣ ಮಾಡಿ ಹೇಳಿ, ಮಾಲಕನ ಬಳಿ ಇರುವ ದಾಖಲೆ ತರಿಸಲು ಕೇಳಿಕೊಂಡರೆ ತನ್ನ ಭಾರ ಇಳಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಅವನು ಗೆದ್ದ. ಆ ಒಂದು ಪ್ರಮಾಣಪತ್ರ ಇಲ್ಲದಿದ್ದರೆ ಗೆಲ್ಲುತ್ತಿದ್ದನೋ ಇಲ್ಲವೋ, ನೀನೇ ಯೋಚಿಸು.

ನಿನ್ನ ಕಾಲದಲ್ಲಿ ಇದು ಸುಲಭವಾಗಿದೆ. ಪಗಾರ ಫೋನ್‌ಪೇಯಲ್ಲಿ ಬಂದರೆ ಅದರ ಗುರುತು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಉಳಿಯುತ್ತದೆ, ವರ್ಷಕ್ಕೊಮ್ಮೆ ಛಾಪಿಸಿಕೋ. ‘ನಾಳೆ ರಾತ್ರಿ ಪಾಳಿಗೆ ಬಾ’ ಎಂದು ಸೂಪರ್‌ವೈಸರ್ ವಾಟ್ಸ್‌ಆಪಿನಲ್ಲಿ ಕಳಿಸಿದ ಮಾತೂ ಪುರಾವೆಯೇ. ಅಳಿಸಬೇಡ, ಆ ಮೊಬೈಲನ್ನು ಮಾರಲೂ ಬೇಡ. ಪಿಎಫ್ ಇದ್ದರೆ ಯುಎಎನ್ ನಂಬರು, ಇಎಸ್ಐ ಇದ್ದರೆ ಅದರ ಕಾರ್ಡು, ಗೇಟ್‌ಪಾಸು, ದೀಪಾವಳಿಯ ಬೋನಸ್ ಚೀಟಿ, ಇವೆಲ್ಲ ಒಂದು ಕಡತದಲ್ಲಿರಲಿ. ಬೀಡಿ ಕಟ್ಟುವ ತಂಗಿಯರಿಗೆ ಅವರ ಗುರುತಿನ ಚೀಟಿ, ಕೊಟ್ಟ ಎಲೆ, ತಿರುಗಿ ಕೊಟ್ಟ ಬೀಡಿ ಬರೆದ ಪುಸ್ತಕ ಇಷ್ಟೇ ಆಸ್ತಿ. ಅದನ್ನು ಕಾರಖಾನೆಯವನ ಬಳಿ ಬಿಟ್ಟು ಬರಬೇಡಿರವ್ವಾ. ಪಗಾರ ಕೊಟ್ಟೆವೋ ಇಲ್ಲವೋ ಎಂಬುದರ ಪುರಾವೆಯ ಭಾರವನ್ನು ಹೊಸ ವೇತನ ಸಂಹಿತೆ ಮಾಲಕನ ಮೇಲೆ ಹಾಕಿದೆ. ಆದರೆ ನೀನು ಅಲ್ಲಿ ದುಡಿದೆ ಎಂಬುದಾದರೂ ಮೊದಲು ಕಾಣಬೇಕಲ್ಲ.

ಎಷ್ಟು ಕೇಳಬೇಕು ಎಂಬಲ್ಲಿ ಹುಡುಗರು ಎರಡು ತಪ್ಪು ಮಾಡುತ್ತಾರೆ. ಕೆಲವರು ಬಾಕಿ ಪಗಾರ ಮಾತ್ರ ಕೇಳಿ ಉಳಿದದ್ದನ್ನು ಮರೆಯುತ್ತಾರೆ. ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಜಾಗದಲ್ಲಿ ಐದು ವರ್ಷ ದುಡಿದಿದ್ದರೆ ಗ್ರ್ಯಾಚುಟಿ ಬರಬೇಕು. ತಿಂಗಳ ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸು, ವರ್ಷದ ಲೆಕ್ಕ ಸಿಗುತ್ತದೆ. 13,000 ರೂಪಾಯಿ ಪಗಾರದವನಿಗೆ ವರ್ಷಕ್ಕೆ 7,500, ಎಂಟು ವರ್ಷಕ್ಕೆ 60,000. ಇದು ಬಿಡುವ ಮೊತ್ತವೇ? ತೆಗೆದವನ ಕೊನೆಯ ಪಗಾರವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದೂ ವೇತನ ಸಂಹಿತೆಯಲ್ಲಿದೆ. ಇನ್ನು ಕೆಲವರು ಸಿಟ್ಟಿನಲ್ಲಿ ಇಲ್ಲದ ಓವರ್‌ಟೈಮ್ ಸೇರಿಸಿ ಮೊತ್ತ ಉಬ್ಬಿಸುತ್ತಾರೆ. ನಿಜವಾದ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗೆ ಇರುವಾಗ ಸುಳ್ಳು ಲೆಕ್ಕ ಏಕೆ ಬೇಕು? ಒಂದು ಸುಳ್ಳು ಸಿಕ್ಕಿಬಿದ್ದರೆ ಒಂಬತ್ತು ಖರೆಯೂ ಅನುಮಾನಕ್ಕೆ ಬೀಳುತ್ತವೆ. ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ದಿನದ ಪಾಲಿಗಿಂತ ಹೆಚ್ಚಾಯಿತೆಂದು ಲಕ್ಕಮ್ಮ ಅಲ್ಲೇ ಸುರಿದು ಬಾ ಎಂದು ಕಳಿಸಿದ ಕಥೆಯನ್ನು ನಮ್ಮ ಮಠಗಳಲ್ಲಿ ಕೇಳಿದ್ದೀಯಲ್ಲ. ಹೆಚ್ಚಿಗೆ ಬೇಡ ಅನ್ನುವವರಿಗೇ ಕಡಿಮೆ ಕೊಟ್ಟರೆ ಕೇಳುವ ಬಾಯಿ ಇರುತ್ತದೆ.

‘ಕಾಕಾ, ನಾವು ಸಣ್ಣವರು, ಎರಡು ತಿಂಗಳ ಪಗಾರಕ್ಕೆ ಕೋರ್ಟು ಕಚೇರಿ ಯಾಕೆ’ ಎಂದು ನೀನು ಅನ್ನುತ್ತೀ ಎಂದು ನನಗೆ ಗೊತ್ತು. ನಮ್ಮ ಸೊಲ್ಲಾಪುರದ್ದೇ ಒಂದು ಹಳೆಯ ಸಂಗತಿ ಹೇಳುತ್ತೇನೆ. 1877ರಲ್ಲಿ ಹುಟ್ಟಿದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಗೆ ನಾವೆಲ್ಲ ಜುನೀ ಗಿರಣಿ ಅಂತಲೇ ಅನ್ನುವುದು. 1949ರ ಜುಲೈ 27ರಂದು ನೋಟೀಸು ಹಚ್ಚಿ ಆಗಸ್ಟ್ 27ರಂದು ಅದನ್ನು ಮುಚ್ಚಿದರು. ಸಾವಿರಾರು ಜನರ ಒಲೆ ಆರುವ ಹೊತ್ತು. ಕೇಂದ್ರ ಸರಕಾರ ನಡುವೆ ಬಂದು, 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಆಮೇಲೆ ಅದನ್ನೇ ಕಾಯಿದೆ ಮಾಡಿ, ಗಿರಣಿಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಆಗ ಚರಣಜಿತ್ ಲಾಲ್ ಚೌಧರಿ ಎಂಬ ಷೇರುದಾರ, ತನ್ನ ಹಕ್ಕಿಗೆ ಧಕ್ಕೆಯಾಯಿತೆಂದು ಹೊಸದಾಗಿ ಹುಟ್ಟಿದ್ದ ಸುಪ್ರೀಂ ಕೋರ್ಟಿಗೇ ಹೋದ. ಅವನ ಸ್ವಂತ ಹೆಸರಿನಲ್ಲಿದ್ದ ಸಾಮಾನ್ಯ ಷೇರು ಎಷ್ಟು ಗೊತ್ತೇ? ಒಂದು. ಐವರು ನ್ಯಾಯಾಧೀಶರು ಕೂತು ಕೇಳಿದರು, 1950ರ ಡಿಸೆಂಬರ್ 4ರಂದು ಮೂವರು ಅವನ ವಿರುದ್ಧ, ಇಬ್ಬರು ಅವನ ಪರ ಬರೆದರು. ಸೋತ, ಸರಿ. ಆದರೆ ಒಂದು ಷೇರಿನವನು ನಾಚದೆ ದಿಲ್ಲಿಯವರೆಗೆ ಹೋಗಬಹುದಾದರೆ, ಎಂಟು ವರ್ಷ ಬೆವರು ಹಾಕಿದ ನೀನು ಸೊಲ್ಲಾಪುರದ ಸಹಾಯಕ ಕಾಮಗಾರ ಆಯುಕ್ತರ ಕಚೇರಿಯ ಮೆಟ್ಟಿಲು ಹತ್ತಲು ಏಕೆ ನಾಚಬೇಕು?

ಬೆಂಗಳೂರಿನದೂ ಒಂದಿದೆ. ಜಲಮಂಡಳಿ ತನ್ನ ನೌಕರರಿಗೆ ದಂಡ ಹಾಕಿ ಪಗಾರದಿಂದ ವಸೂಲು ಮಾಡಿತು. ಹಣ ತಿರುಗಿ ಕೊಡಿಸಿರೆಂದು ಅವರು ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ನಾವು ಉದ್ದಿಮೆಯೇ ಅಲ್ಲ, ಈ ಕಾಯಿದೆ ನಮಗಿಲ್ಲ ಎಂದಿತು ಮಂಡಳಿ. ಅದು ಬೆಳೆಯುತ್ತ ಹೋಗಿ 1978ರಲ್ಲಿ ಏಳು ನ್ಯಾಯಾಧೀಶರ ಪೀಠದ ಮುಂದೆ ನಿಂತು, ‘ಉದ್ದಿಮೆ’ ಎಂದರೇನು ಎಂಬುದಕ್ಕೆ ದೇಶಕ್ಕೆಲ್ಲ ಉತ್ತರ ಕೊಟ್ಟಿತು. ಆಸ್ಪತ್ರೆ, ಶಾಲೆಗಳಂಥ ಕಡೆ ದುಡಿಯುವ ಎಷ್ಟೋ ಜನ ಆ ತೀರ್ಪಿನ ನೆರಳಿಗೆ ಬಂದರು. ಶುರುವಾದದ್ದು ಪಗಾರದಿಂದ ಮುರಿದುಕೊಂಡ ದಂಡದಿಂದ.

ಖರ್ಚಿನ ಚಿಂತೆ ಇದ್ದರೆ ಇದನ್ನು ತಿಳಿದಿರು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿ ಕೈಗಾರಿಕಾ ಕಾರ್ಮಿಕನಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲನನ್ನು ಪುಕ್ಕಟೆ ಕೊಡಬೇಕೆಂದಿದೆ. ಸೊಲ್ಲಾಪುರದ ಜಿಲ್ಲಾ ನ್ಯಾಯಾಲಯದಲ್ಲಿ ಅದರ ಕಚೇರಿ ಇದೆ, ಸಹಾಯವಾಣಿಯ ನಂಬರು 15100. ಪೊಲೀಸ್ ಠಾಣೆಗೆ ಓಡಬೇಡ. ಪಗಾರದ ಬಾಕಿ ಅವರ ಕೆಲಸವಲ್ಲ, ಅಲ್ಲಿ ನಿನ್ನ ಒಂದು ವಾರ ಹಾಳು. ಸಂಘವಿದ್ದರೆ ಸಂಘದವರನ್ನು ಜತೆಗೆ ಕರಕೊಂಡು ಹೋಗು. ಸೊಲ್ಲಾಪುರಕ್ಕೆ ಹೋಗುವಾಗ ಕುಂಭಾರಿಯ ಹತ್ತಿರ ಬೀಡಿ ಕಾರ್ಮಿಕ ಹೆಂಗಸರ ಮನೆಗಳ ಸಾಲು ಬಸ್ಸಿನಿಂದ ಕಾಣುತ್ತದಲ್ಲ, ಗೋದಾವರಿ ಪರುಳೇಕರರ ಹೆಸರಿನ ವಸಾಹತು, ಸುಮಾರು 10,000 ಮನೆ. ಒಬ್ಬೊಬ್ಬರೇ ಅರ್ಜಿ ಕೊಟ್ಟಿದ್ದರೆ ಅಲ್ಲಿ ಒಂದು ಗೋಡೆಯೂ ಏಳುತ್ತಿರಲಿಲ್ಲ. ಆದರೂ ಸಂಘದ ಮುಂದಾಳಿನ ಕೈಗೆ ಮೂಲ ಕಾಗದ ಕೊಡಬೇಡ, ಝೆರಾಕ್ಸ್ ಕೊಡು. ಒಳ್ಳೆಯವರ ಕಪಾಟಿನಲ್ಲೂ ಕಾಗದ ಕಳೆಯುತ್ತದೆ.

ಪ್ರಕರಣ ವರ್ಷಗಟ್ಟಲೆ ಎಳೆಯಬಹುದು. ಅಲ್ಲಿಯತನಕ ಹೊಟ್ಟೆಗೆ ಬೇಕು, ಬೇರೆ ಕೆಲಸ ಮಾಡು, ತಪ್ಪಿಲ್ಲ. ಆದರೆ ಮುಚ್ಚಿಡಬೇಡ. ಔರಂಗಾಬಾದಿನ ಶಿಕ್ಷಕಿಯೊಬ್ಬರ, ದೀಪಾಲಿ ಸುರವಸೆ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು, ತಪ್ಪಾಗಿ ತೆಗೆದವರಿಗೆ ಹಿಂಬಾಕಿ ಪಗಾರ ಕೊಡಿಸುವುದೇ ರೂಢಿಯ ನಿಯಮ. ಆದರೆ ತನಗೆ ಬೇರೆ ಗಳಿಕೆ ಇರಲಿಲ್ಲ, ಇಲ್ಲವೆ ಕಡಿಮೆ ಗಳಿಕೆಗೆ ದುಡಿದೆ ಎಂದು ಕೆಲಸ ಕಳೆದುಕೊಂಡವರು ಮೊದಲು ಹೇಳಬೇಕು, ಸುಳ್ಳೆಂದು ತೋರಿಸುವುದು ಆಮೇಲೆ ಮಾಲಕನ ಪಾಡು. ಪ್ರತಿಜ್ಞಾಪತ್ರವನ್ನು ಮರಾಠಿಯಲ್ಲಿ ಬರೆದಿದ್ದರೆ ವಕೀಲನಿಂದ ಸಾಲುಸಾಲು ಓದಿ ಹೇಳಿಸಿಕೊಂಡು ಆಮೇಲೆ ಸಹಿ ಹಾಕು. ಪಾಟಿ ಸವಾಲಿನಲ್ಲಿ ಅದು ನಿನ್ನ ಮಾತೇ ಆಗಿರುತ್ತದೆ.

ನಡುವೆ ಮಾಲಕ ರಾಜಿಗೆ ಬಂದರೆ ಒದ್ದು ಬರಬೇಡ. ಮಾನಕ್ಕೆ ಅಂಟಿಕೊಂಡು ಹತ್ತು ವರ್ಷ ಎಳೆದಾಡಿ ಕೊನೆಗೆ ರಾಜಿಯಲ್ಲಿ ಬರುತ್ತಿದ್ದುದಕ್ಕಿಂತ ಕಡಿಮೆ ಪಡೆದವರನ್ನು ನೋಡಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ಬಾಕಿ ಪಗಾರ ಮತ್ತು ಗ್ರ್ಯಾಚುಟಿ ಪೂರ್ತಿ ಬರಬೇಕು, ಅದರಲ್ಲಿ ಚೌಕಾಶಿ ಇಲ್ಲ. ಕೆಲಸದ ಬದಲು ಕೊಡುವ ಪರಿಹಾರದಲ್ಲಿ ಒಂದಿಷ್ಟು ಹಿಂದೆ ಮುಂದೆ ಆದರೆ ಆಗಲಿ. ಆದರೆ ಆ ರಾಜಿ ಚಹಾದ ಅಂಗಡಿಯಲ್ಲಿ ಬೇಡ. ರಾಜಿ ಅಧಿಕಾರಿಯ ಮುಂದೆ, ಬರವಣಿಗೆಯಲ್ಲಿ, ಚೆಕ್ಕಿನ ನಂಬರಿನ ಸಮೇತ ಆಗಲಿ.

ನಿನಗೆ ಈಗ ಕೆಲಸ ಗಟ್ಟಿಯಿದೆ, ಮಾಲಕನೂ ಒಳ್ಳೆಯವನೆನ್ನುತ್ತೀ. ಇರಲಿ. ಆದರೂ ಈ ತಿಂಗಳ ಪಗಾರ ಕೈಗೆ ಬಂದ ಸಂಜೆಯೇ ಚೀಟಿಯ ಫೋಟೊ ತೆಗೆದಿಡು, ಗೇಟ್‌ಪಾಸಿನ ಝೆರಾಕ್ಸ್ ಮಾಡಿಸು, ಒಂದು ನೋಟ್‌ಬುಕ್ಕಿನಲ್ಲಿ ನಿನ್ನ ಹಾಜರಿಯನ್ನು ನೀನೇ ಬರೆಯಲು ಶುರುಮಾಡು. ತೊಂದರೆ ಬಂದರೆ ಮೊದಲ ವಾರದಲ್ಲೇ ಕಾಗದ ಹಿಡಿದು ಬಾ, ನಾನಿದ್ದರೆ ನನ್ನ ಹತ್ತಿರ, ಇಲ್ಲದಿದ್ದರೆ ಮರಾಠಿ ಬಲ್ಲ ಯಾರಾದರೂ ಮಾಸ್ತರರ ಹತ್ತಿರ. ನಾಲ್ಕನೆಯ ತಿಂಗಳಲ್ಲಿ ಬಂದು ‘ಈಗ ಏನು ಮಾಡಬೇಕು ಕಾಕಾ’ ಎಂದು ಮಾತ್ರ ಕೇಳಬೇಡ.